ಸಬ್ಜೆಕ್ಟ್ ಖಾಲಿ, ಅಟ್ಯಾಚ್‌ಮೆಂಟ್ ನಾಪತ್ತೆ: ಡಿಗ್ರಿ ಮಕ್ಕಳಿಗೆ ಪತ್ರ, ಇಮೇಲ್ ಬರೆಯಲು ಕಲಿಸುವುದು ಹೇಗೆ?

ಬಿಕಾಂ_ಮೇಡಂ

ಪ್ರಥಮ ದರ್ಜೆ ಕಾಲೇಜು, ಅಂತಿಮ ಬಿ.ಕಾಂ, 62 ಮಕ್ಕಳು. ಪತ್ರ ಮತ್ತು ಇಮೇಲ್ ಬರೆಯುವುದನ್ನು ಕಲಿಸಲು ಈ ಸೆಮಿಸ್ಟರ್‌ನಲ್ಲಿ 10 ಪೀರಿಯಡ್ ಇದೆ. ಎಸ್‌ಎಸ್‌ಎಲ್‌ಸಿಯಲ್ಲಿ ಪತ್ರಲೇಖನಕ್ಕೆ ಒಳ್ಳೆಯ ಅಂಕ ತೆಗೆದವರೇ ಹೆಚ್ಚು. ಆದರೆ ಬರುವ ಮೇಲ್ ನೋಡಿ: ಸಬ್ಜೆಕ್ಟ್ ಖಾಲಿ, ಇಲ್ಲವೇ ಹೇಳಬೇಕಾದ್ದೆಲ್ಲ ಸಬ್ಜೆಕ್ಟ್‌ನಲ್ಲೇ ತುಂಬಿರುತ್ತದೆ. ಒಳಗೆ ‘ಪಿಎಫ್‌ಎ ಸರ್’ (ಪ್ಲೀಸ್ ಫೈಂಡ್ ಅಟ್ಯಾಚ್ಡ್, ಫೈಲ್ ಲಗತ್ತಿಸಿದೆ ಅಂತ) ಒಂದೇ ಸಾಲು. ಕೆಳಗೆ ಹೆಸರಿಲ್ಲ, ರಿಜಿಸ್ಟರ್ ನಂಬರಿಲ್ಲ, ಫೈಲೂ ಇಲ್ಲ.

ಕನ್ನಡ ಪತ್ರ ಬೇರೆ, ಇಂಗ್ಲಿಷ್ ಇಮೇಲ್ ಬೇರೆ ಅಂತ ಕಲಿಸಬೇಕೇ? ಎಲ್ಲಿಂದ ಶುರು ಮಾಡುವುದು? ಮಾದರಿ ಪತ್ರ ಕೊಟ್ಟು ಬಾಯಿಪಾಠ ಮಾಡಿಸಿ ಅನ್ನುವ ಸಲಹೆ ಮಾತ್ರ ಬೇಡ. ಅದು ಹೈಸ್ಕೂಲಿನಲ್ಲೇ ಆಗಿಹೋಗಿದೆ.

ಹಲಗೆ_ಬಳಪ

ಮೇಡಂ, ಬೇರೆ ಮಾಡಬೇಡಿ. ಭಾಷೆ ಎರಡಾದರೂ ತಪ್ಪು ಒಂದೇ.

ಪರೀಕ್ಷೆಯ ಪತ್ರದಲ್ಲಿ ‘ನಿಮ್ಮನ್ನು ಇಂಥ ಶಾಲೆಯ ವಿದ್ಯಾರ್ಥಿ ಎಂದು ಭಾವಿಸಿ’ ಎಂದು ಪ್ರಶ್ನೆ ಶುರುವಾಗುತ್ತದೆ. ಬರೆಯುವವರು ಕಲ್ಪಿತ, ಓದುವವರು ಕಲ್ಪಿತ, ಊರೂ ಕಲ್ಪಿತ. ಅಲ್ಲಿ ಅಂಕ ಸಿಗುವುದು ಇಂದ, ಗೆ, ದಿನಾಂಕ, ಮಾನ್ಯರೇ, ವಿಷಯ, ಸಹಿ ಇವೆಲ್ಲ ತಂತಮ್ಮ ಜಾಗದಲ್ಲಿ ಕೂತಿದ್ದಕ್ಕೆ. ಹಾಗಾಗಿ ಪತ್ರ ಅಂದರೆ ಒಂದು ಚಿತ್ರ, ರಂಗೋಲಿ ಇದ್ದ ಹಾಗೆ, ಚುಕ್ಕಿ ತಪ್ಪದಿದ್ದರೆ ಸಾಕು ಅಂತ ಮಕ್ಕಳ ತಲೆಯಲ್ಲಿ ಕೂತುಬಿಟ್ಟಿದೆ. ಓದಿದವರು ಆಮೇಲೆ ಏನು ಮಾಡಬೇಕು ಅನ್ನುವುದನ್ನು ಯಾರೂ ಕೇಳಲೇ ಇಲ್ಲ.

ಮೊದಲ ಪೀರಿಯಡ್‌ನಲ್ಲಿ ಪತ್ರ ಬರೆಸಲೇಬೇಡಿ. ನೋಟ್‌ಬುಕ್ಕಿನಲ್ಲಿ ನಾಲ್ಕೇ ಗೆರೆ ತುಂಬಿಸಿ. ಇದನ್ನು ಓದುವವರು ಯಾರು? ಅವರು ಯಾವ ಒಂದು ಕೆಲಸ ಮಾಡಬೇಕು? ಎಷ್ಟನೇ ತಾರೀಖಿನೊಳಗೆ? ಆ ಕೆಲಸ ಮಾಡಲು ಅವರ ಕೈಗೆ ಏನೇನು ಬೇಕು? ಎರಡನೆಯದಕ್ಕೆ ‘ಸೂಕ್ತ ಕ್ರಮ ಕೈಗೊಳ್ಳಬೇಕು’ ಅಂತ ಬರೆದರೆ ವಾಪಸ್ ಕೊಡಿ. ಕೊಡಬೇಕು, ತಿದ್ದಬೇಕು, ಜೋಡಿಸಬೇಕು, ಸಹಿ ಹಾಕಬೇಕು, ಉತ್ತರ ಹೇಳಬೇಕು ಇಂಥ ಒಂದು ಗಟ್ಟಿ ಕ್ರಿಯಾಪದ ಅಲ್ಲಿರಬೇಕು.

ಟಪಾಲು_ಶಾಖೆ

ಮೇಲಿನವರ ಮಾತಿಗೆ ಕಚೇರಿ ಕಡೆಯಿಂದ ಒಂದಷ್ಟು ಸೇರಿಸುತ್ತೇನೆ. ಪತ್ರ ಒಳಗೆ ಬಂದ ಮೇಲೆ ಯಾವ ದಾರಿ ಹಿಡಿಯುತ್ತದೆ ಅಂತ ಗೊತ್ತಾದರೆ ಬರೆಯುವ ರೀತಿ ತಾನಾಗಿ ಬದಲಾಗುತ್ತದೆ.

ಮೊದಲು ಟಪಾಲಿನ ಮೇಜು. ಅಲ್ಲಿ ಸ್ವೀಕೃತಿ ಮುದ್ರೆ ಬೀಳುತ್ತದೆ, ಕ್ರಮಸಂಖ್ಯೆ ಬೀಳುತ್ತದೆ, ವಹಿಯಲ್ಲಿ ಅಥವಾ ಇ-ಆಫೀಸಿನಲ್ಲಿ ದಾಖಲಾಗುತ್ತದೆ. ದಾಖಲಾಗುವುದು ಕಳಿಸಿದವರ ಹೆಸರು, ದಿನಾಂಕ, ವಿಷಯ. ಅಷ್ಟೇ. ಒಳಗಿನ ಒಂದು ಪುಟವನ್ನು ಅಲ್ಲಿ ಯಾರೂ ಓದುವುದಿಲ್ಲ. ವಿಷಯ ನೋಡಿಯೇ ಅದು ಯಾವ ವಿಷಯ ನಿರ್ವಾಹಕರ ಮೇಜಿಗೆ ಹೋಗಬೇಕು ಅಂತ ಗುರುತು ಹಾಕುತ್ತಾರೆ. ‘ವಿಷಯ: ಮನವಿ ಪತ್ರ’ ಅಂತ ಬರೆದರೆ ಯಾವ ಮೇಜಿಗೆ ಕಳಿಸಬೇಕು? ಬಂದ ಪತ್ರವೆಲ್ಲ ಮನವಿಯೇ.

ವಿಷಯದಲ್ಲಿ ಮೂರು ಸಂಗತಿ ಇರಲಿ: ಯಾವ ಬಾಬತ್ತು, ಯಾರದ್ದು, ಏನು ಬೇಕು. ‘ವಿಷಯ: ಬಸ್ ಪಾಸ್ ಬಗ್ಗೆ’ ಸಾಲದು. ‘ವಿಷಯ: ವಿದ್ಯಾರ್ಥಿ ಬಸ್ ಪಾಸ್‌ಗಾಗಿ ವ್ಯಾಸಂಗ ಪ್ರಮಾಣಪತ್ರ ಕೋರಿ – ಅಂತಿಮ ಬಿ.ಕಾಂ, ‘ಬಿ’ ವಿಭಾಗ’ ಅಂದರೆ ಒಳಗೆ ಓದದೆಯೂ ಕೆಲಸ ನಡೆಯುತ್ತದೆ.

ಉಲ್ಲೇಖ ಅನ್ನುವ ಸಾಲನ್ನು ಮಕ್ಕಳು ಅಲಂಕಾರಕ್ಕೆ ಹಾಕುತ್ತಾರೆ, ಇಲ್ಲವೇ ಬಿಟ್ಟೇಬಿಡುತ್ತಾರೆ. ಹಿಂದೆ ಕೊಟ್ಟ ಅರ್ಜಿಯ ಸ್ವೀಕೃತಿ ಸಂಖ್ಯೆ, ದಿನಾಂಕ ಬರೆಯುವ ಜಾಗ ಅದು. ಹಳೆಯ ಕಡತ ಹುಡುಕಿ ತೆಗೆಯುವುದು ಅದರಿಂದಲೇ. ಮೊದಲ ಸಲ ಬರೆಯುತ್ತಿದ್ದರೆ ಉಲ್ಲೇಖ ಬೇಡವೇ ಬೇಡ.

ಒಂದು ಪತ್ರಕ್ಕೆ ಒಂದೇ ವಿಷಯ. ಅಂಕಪಟ್ಟಿ ತಿದ್ದುಪಡಿ, ಹಾಸ್ಟೆಲ್ ಶುಲ್ಕ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದರೆ ಅದು ಒಂದು ಮೇಜಿಗೆ ಹೋಗುತ್ತದೆ, ಇನ್ನೊಂದು ಕೆಲಸ ಅಲ್ಲೇ ಸಾಯುತ್ತದೆ. ಕರ್ನಾಟಕದ ಮಾಹಿತಿ ಹಕ್ಕು ನಿಯಮಗಳಲ್ಲೂ ಇದೇ ಮಾತು: ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ತರಗತಿಗೂ ಅದೇ ಮಿತಿ ಇಟ್ಟುಕೊಳ್ಳಿ, ಒಳ್ಳೆಯ ಅಭ್ಯಾಸ.

ಇನ್ನು, ಎರಡು ಪ್ರತಿ ಮಾಡಿಸುವುದು ಕಲಿಸಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮುದ್ರೆ ಹಾಕಿಸಿಕೊಂಡು ಬರಬೇಕು. ‘ಕೊಟ್ಟಿದ್ದೆ ಸರ್’ ಅನ್ನುವುದಕ್ಕೆ ಸಾಕ್ಷಿ ಅದೊಂದೇ.

ಕರಡು_ತಿದ್ದುವವ

ಒಂದು ಪತ್ರವನ್ನು ಹಿಡಿದು ನೋಡೋಣ. ಸಾಮಾನ್ಯವಾಗಿ ಬರುವುದು ಹೀಗೆ, ಪ್ರಾಂಶುಪಾಲರಿಗೆ:

‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ ನಾನು ತಮ್ಮ ಕಾಲೇಜಿನಲ್ಲಿ ಅಂತಿಮ ಬಿ.ಕಾಂ ವ್ಯಾಸಂಗ ಮಾಡುತ್ತಿದ್ದು ನಮ್ಮದು ಬಡ ಕುಟುಂಬವಾಗಿದ್ದು ನನಗೆ ವಿದ್ಯಾರ್ಥಿವೇತನ ಬಂದಿರುವುದಿಲ್ಲವಾದ್ದರಿಂದ ನೀವು ದಯಮಾಡಿ ಈ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ತಮ್ಮಲ್ಲಿ ಕಳಕಳಿಯಿಂದ ಪ್ರಾರ್ಥಿಸಿಕೊಳ್ಳುತ್ತೇನೆ.’

ಇಡೀ ಪತ್ರ ಒಂದೇ ವಾಕ್ಯ. ‘ಮಾಡುತ್ತಿದ್ದು, ಆಗಿದ್ದು’ ಅಂತ ಕೊಂಡಿ ಹಾಕುತ್ತ ಹೋದರೆ ಕನ್ನಡದಲ್ಲಿ ವಾಕ್ಯ ಮುಗಿಯುವುದೇ ಇಲ್ಲ, ಬೇಕಾದ ಕ್ರಿಯಾಪದ ಕೊನೆಗೆ ಬಂದು ಬೀಳುತ್ತದೆ. ಆ ಕೊನೆಯಲ್ಲಿರುವುದೂ ‘ಸೂಕ್ತ ಕ್ರಮ’. ‘ತಮ್ಮ’ ಅಂತ ಶುರು ಮಾಡಿ ನಡುವೆ ‘ನೀವು’ ಬಂತು, ಮತ್ತೆ ‘ತಮ್ಮಲ್ಲಿ’. ಇವೆಲ್ಲ ತಿದ್ದಬಹುದು. ಆದರೆ ನಿಜವಾದ ತಪ್ಪು ಭಾಷೆಯಲ್ಲಿಲ್ಲ, ವಿಳಾಸದಲ್ಲಿದೆ.

ಅರ್ಜಿ ಮಂಜೂರಾಗಿದ್ದೂ ಹಣ ಬಂದಿಲ್ಲ ಅಂದರೆ ಹೆಚ್ಚಾಗಿ ನೋಡಬೇಕಾದ್ದು ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು. ರಾಜ್ಯ ವಿದ್ಯಾರ್ಥಿವೇತನ ನೇರ ನಗದು ವರ್ಗಾವಣೆಯಲ್ಲಿ ಆಧಾರ್‌ಗೆ ಜೋಡಿಸಿದ ಖಾತೆಗೇ ಹೋಗುತ್ತದೆ. ಜೋಡಣೆ ಮಾಡಿ, ಹಣ ಯಾವ ಖಾತೆಗೆ ಹೋಗಬೇಕೆಂದು ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ದಾಖಲಿಸುವುದು ಬ್ಯಾಂಕು, ಇದನ್ನೇ ಮ್ಯಾಪಿಂಗ್ ಅನ್ನುತ್ತಾರೆ. ಪ್ರಾಂಶುಪಾಲರು ಎಷ್ಟು ಕಳಕಳಿಯಿಂದ ಓದಿದರೂ ಅದನ್ನು ಮಾಡಲಾರರು. ಹಲಗೆ_ಬಳಪ ಸರ್ ಹೇಳಿದ ಮೊದಲ ಗೆರೆ, ‘ಓದುವವರು ಯಾರು’, ತುಂಬಿಸಿದ್ದರೆ ಈ ಹಾಳೆ ವ್ಯರ್ಥವಾಗುತ್ತಿರಲಿಲ್ಲ. ಈಗ ಶಾಖಾ ವ್ಯವಸ್ಥಾಪಕರಿಗೆ:

‘ವಿಷಯ: ವಿದ್ಯಾರ್ಥಿವೇತನ ಜಮಾ ಆಗಲು ಉಳಿತಾಯ ಖಾತೆಗೆ ಆಧಾರ್ ಜೋಡಣೆ ಕೋರಿ.

ಮಾನ್ಯರೇ,

ತಮ್ಮ ಶಾಖೆಯಲ್ಲಿರುವ ನನ್ನ ಉಳಿತಾಯ ಖಾತೆಗೆ ಆಧಾರ್ ಜೋಡಿಸಿ, ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಬೇಕೆಂದು ಕೋರುತ್ತೇನೆ. ನನ್ನ ವಿದ್ಯಾರ್ಥಿವೇತನ ಮಂಜೂರಾಗಿದೆ. ಖಾತೆಗೆ ಆಧಾರ್ ಜೋಡಣೆಯಾಗಿಲ್ಲದ ಕಾರಣ ಹಣ ಜಮಾ ಆಗಿಲ್ಲ. ಖಾತೆ ಸಂಖ್ಯೆ ಮತ್ತು ಮೊಬೈಲ್ ಸಂಖ್ಯೆ ಕೆಳಗಿವೆ. ಜೋಡಣೆಯಾದ ಮೇಲೆ ಮೊಬೈಲಿಗೆ ತಿಳಿಸಬೇಕೆಂದು ವಿನಂತಿ.

ಲಗತ್ತು: 1. ಆಧಾರ್ ಪ್ರತಿ, ಸ್ವಯಂ ದೃಢೀಕರಿಸಿದ್ದು – 1 ಪುಟ. 2. ಪಾಸ್‌ಪುಸ್ತಕದ ಮೊದಲ ಪುಟದ ಪ್ರತಿ – 1 ಪುಟ.’

ಕೋರಿಕೆ ಮೊದಲ ವಾಕ್ಯದಲ್ಲೇ ಬಂತು, ಕಾರಣ ಅದರ ಹಿಂದೆ. ಬಡತನದ ಮಾತು ಬಿಟ್ಟಿದ್ದು ಅದು ಸುಳ್ಳು ಅಂತಲ್ಲ. ಆಧಾರ್ ಜೋಡಿಸಲು ಬ್ಯಾಂಕಿಗೆ ಆ ಮಾಹಿತಿ ಬೇಕಿಲ್ಲ. ಶುಲ್ಕ ವಿನಾಯಿತಿ ಕೇಳುವ ಪತ್ರವಾದರೆ ಬೇಕು, ಅಲ್ಲೂ ಆದಾಯ ಪ್ರಮಾಣಪತ್ರ ಲಗತ್ತಿಸಿ ಒಂದು ಸಾಲಿನಲ್ಲಿ.

ಧಾರವಾಡ_ಪೇಢೆ

ಕರಡು ಸರ, ಪತ್ರ ಚಲೋ ಅದ. ಆದ್ರ ಒಮ್ಮೆಲೇ ಕೋರಿಕಿಗೆ ಬಂದ್ರ ಹಿರಿಯ ಅಧಿಕಾರಿಗಳಿಗೆ ‘ಏನ್ ಹುಡುಗ್ರಪಾ, ನಮಸ್ಕಾರ ಇಲ್ಲ ಚಮತ್ಕಾರ ಇಲ್ಲ’ ಅನ್ನಿಸೂದಿಲ್ಲೇನ್ರಿ?

ಇನ್ನೊಂದು. ನಮ್ಮ ಕಡೆ ಮಾತಿನಾಗ ‘ಕೊಡ್ರಿ’ ಅಂದ್ರ ಆ ‘ರಿ’ನ ಮರ್ಯಾದಿ. ಹುಡುಗ್ರು ಗ್ರಂಥಸ್ಥ ಭಾಷಾದಾಗ ಬರೀಬೇಕಂತ ಅದನ್ನ ‘ಕೊಡಿ’ ಮಾಡ್ತಾರ. ಮರ್ಯಾದಿ ಬರೂ ರಿಕಾರ ಹೋತು, ಆಜ್ಞಾ ಉಳೀತು. ‘ಟಿಸಿ ಕೊಡಿ’ ಅಂತ ಬರ್ದವ್ನ ಮನಸಿನಾಗ ಉದ್ಧಟತನ ಇರೂದಿಲ್ಲ, ಓದಿದವ್ರಿಗೆ ಹಂಗ ಕಾಣ್ತದ. ಇದನ್ನ ಕ್ಲಾಸಿನಾಗ ಬಿಡಿಸಿ ಹೇಳ್ರಿ.

ಕರಡು_ತಿದ್ದುವವ

ಎರಡನೆಯ ಮಾತು ತುಂಬ ಮುಖ್ಯ, ಒಪ್ಪಿದೆ. ಕನ್ನಡ ಪತ್ರದಲ್ಲಿ ವಿನಯ ಇರುವುದು ಕ್ರಿಯಾಪದದ ತುದಿಯಲ್ಲಿ: ‘ಕೊಡಬೇಕೆಂದು ಕೋರುತ್ತೇನೆ’, ‘ಪರಿಶೀಲಿಸಬೇಕಾಗಿ ವಿನಂತಿ’. ಅದಿದ್ದರೆ ಮುಂದಿನ ಹಾರ ತುರಾಯಿ ಬೇಕಿಲ್ಲ. ಮೇಲೊಂದು ‘ಮಾನ್ಯರೇ’, ಕೆಳಗೊಂದು ‘ವಂದನೆಗಳೊಂದಿಗೆ’, ನಡುವೆ ಒಂದು ‘ಕೋರುತ್ತೇನೆ’ ಸಾಕು. ‘ಪ್ರಾರ್ಥಿಸಿಕೊಳ್ಳುತ್ತೇನೆ’ ದೇವರಿಗೆ ಇರಲಿ.

ಮೊದಲನೆಯದಕ್ಕೆ ಅರ್ಧ ಒಪ್ಪಿಗೆ. ಹಿರಿಯರಿಗೆ ಅಂತ ಅನ್ನಿಸಿದರೆ ‘ನಾನು ತಮ್ಮ ಕಾಲೇಜಿನ ಅಂತಿಮ ಬಿ.ಕಾಂ ವಿದ್ಯಾರ್ಥಿನಿ’ ಎಂಬ ಪರಿಚಯದ ವಾಕ್ಯ ಮೊದಲು ಬರಲಿ. ಅಲ್ಲಿ ಪೂರ್ಣವಿರಾಮ. ಎರಡನೆಯದು ಕೋರಿಕೆ. ಮೂರನೆಯ ವಾಕ್ಯದವರೆಗೂ ಕೋರಿಕೆ ಬಾರದಿದ್ದರೆ ಮತ್ತೆ ಬರೆಸಿ. ಅಂದಹಾಗೆ ‘ಮಾನ್ಯರೇ’ ಅನ್ನುವುದು ಗಂಡಸರಿಗೂ ಹೆಂಗಸರಿಗೂ ನಡೆಯುತ್ತದೆ, ‘ರೆಸ್ಪೆಕ್ಟೆಡ್ ಸರ್’ ತರಹದ ಫಜೀತಿ ಇಲ್ಲ.

ಮತ್ತೆ, ಪದೇ ಪದೇ ತಪ್ಪಾಗುವ ಕೆಲವು ಪದಗಳನ್ನು ಹಲಗೆಯ ಮೂಲೆಯಲ್ಲಿ ಅಳಿಸದೆ ಬಿಡಿ: ದೃಢೀಕರಣ (ಡ ಅಲ್ಲ, ಢ), ಧನ್ಯವಾದ, ವಿದ್ಯಾರ್ಥಿ, ಅರ್ಜಿ (ಹರ್ಜಿ ಅಲ್ಲ), ಪ್ರಾಂಶುಪಾಲರವರಿಗೆ (‘ಪ್ರಾಂಶುಪಾಲರು ರವರಿಗೆ’ ಅಲ್ಲ).

ನೇಮಕಾತಿ_ಮೇಜು

ಇಮೇಲ್ ಭಾಗಕ್ಕೆ ಬರುತ್ತೇನೆ. ಟಪಾಲಿನವರು ವಿಷಯದ ಬಗ್ಗೆ ಹೇಳಿದ್ದು ಇಲ್ಲಿ ಇನ್ನೂ ನಿಜ. ಸಬ್ಜೆಕ್ಟ್ ಫೋನಿನ ಪರದೆಯಲ್ಲಿ ಪೂರ್ತಿ ಕಾಣುವುದಿಲ್ಲ, ಬಾಲ ಕತ್ತರಿಸಿಹೋಗುತ್ತದೆ. ಆದ್ದರಿಂದ ಮುಖ್ಯ ಪದ ಮೊದಲು: ‘ಇಂಟರ್ನ್‌ಶಿಪ್ ಅರ್ಜಿ, ಅಕೌಂಟ್ಸ್ – ಹೆಸರು, ಬಿ.ಕಾಂ’. ‘ರಿಕ್ವೆಸ್ಟಿಂಗ್ ಯುವರ್ ಗುಡ್ ಸೆಲ್ಫ್ ಟು ಕೈಂಡ್ಲಿ’ ಅಂತ ಶುರುವಾದರೆ ಕಾಣುವುದು ಆ ವಿನಯ ಮಾತ್ರ, ವಿಷಯ ಕಾಣುವುದಿಲ್ಲ.

ಬರೆಯುವ ಕ್ರಮವನ್ನು ತಿರುಗಿಸಿ ಕಲಿಸಿ. ಮೊದಲು ಫೈಲ್ ಅಟ್ಯಾಚ್ ಮಾಡಿ, ಆಮೇಲೆ ಒಳಗಿನ ಬರಹ, ಆಮೇಲೆ ಸಬ್ಜೆಕ್ಟ್, ಕಟ್ಟಕಡೆಗೆ ‘ಟು’ನಲ್ಲಿ ವಿಳಾಸ. ವಿಳಾಸ ಇಲ್ಲದ ಮೇಲ್ ಕೈತಪ್ಪಿ ಹೋಗುವುದಿಲ್ಲ. ಜೊತೆಗೆ ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು ಸೆಟ್ಟಿಂಗ್ಸ್‌ನಲ್ಲಿ ‘ಅನ್‌ಡೂ ಸೆಂಡ್’ (ಕಳಿಸಿದ್ದನ್ನು ಹಿಂಪಡೆಯುವ) ಅವಧಿಯನ್ನು 5 ಸೆಕೆಂಡಿನಿಂದ 30ಕ್ಕೆ ಏರಿಸಿಡಲಿ. ತಪ್ಪು ಹೊಳೆಯುವುದು ಕಳಿಸಿದ ಮರುಕ್ಷಣವೇ.

ಫೈಲ್ ಹೆಸರು ‘ರೆಸ್ಯೂಮೆ ನ್ಯೂ ಫೈನಲ್ 2’ ಇದ್ದರೆ ಇಲ್ಲಿ ಡೌನ್‌ಲೋಡ್ ಫೋಲ್ಡರಿನಲ್ಲಿ ಅಂಥವೇ ಇಪ್ಪತ್ತು ಇರುತ್ತವೆ. ಹೆಸರು, ಕೋರ್ಸ್, ಹುದ್ದೆ ಇಷ್ಟು ಫೈಲ್ ಹೆಸರಿನಲ್ಲೇ ಇರಲಿ, ಪಿಡಿಎಫ್ ಆಗಿರಲಿ. ಅಂಕಪಟ್ಟಿಯ ಫೋಟೊ ಹೊಡೆದು ಆರು ಚಿತ್ರ ಕಳಿಸುವುದು ಬೇಡ. ಆಂಡ್ರಾಯ್ಡ್ ಫೋನಿನ ಗೂಗಲ್ ಡ್ರೈವ್ ಆ್ಯಪ್‌ನಲ್ಲೇ ಸ್ಕ್ಯಾನ್ ಇದೆ, ಎಲ್ಲ ಪುಟ ಸೇರಿ ಒಂದೇ ಪಿಡಿಎಫ್ ಆಗುತ್ತದೆ. ಜಿಮೇಲ್‌ನಲ್ಲಿ ಅಟ್ಯಾಚ್‌ಮೆಂಟ್ ಮಿತಿ 25 ಎಂಬಿ, ಮೀರಿದರೆ ಅದೇ ಡ್ರೈವ್ ಲಿಂಕ್ ಮಾಡಿಬಿಡುತ್ತದೆ. ಡ್ರೈವ್ ಲಿಂಕ್ ಕಳಿಸುವುದಾದರೆ ಅನುಮತಿ ‘ರೆಸ್ಟ್ರಿಕ್ಟೆಡ್’ ಇದೆಯೇ ನೋಡಬೇಕು. ಇದ್ದರೆ ಓದುವವರು ‘ಆ್ಯಕ್ಸೆಸ್’ ಕೇಳಬೇಕಾಗುತ್ತದೆ, ಕೇಳುವ ತಾಳ್ಮೆ ಯಾರಿಗೂ ಇರುವುದಿಲ್ಲ.

ನಲವತ್ತು ಕಂಪನಿಗಳ ವಿಳಾಸವನ್ನು ಒಂದೇ ‘ಟು’ನಲ್ಲಿ ತುಂಬಿಸಿ ಕಳಿಸುವವರಿದ್ದಾರೆ. ಎಲ್ಲರಿಗೂ ಎಲ್ಲರ ವಿಳಾಸ ಕಾಣುತ್ತದೆ. ಬಿಸಿಸಿಗೆ ಹಾಕಿದರೆ ಕಾಣುವುದಿಲ್ಲ ನಿಜ, ಆದರೆ ಕೆಲಸದ ಅರ್ಜಿಗೆ ಅದೂ ಸಲ್ಲ. ಒಂದು ಕಂಪನಿಗೆ ಒಂದು ಮೇಲ್, ಆ ಕಂಪನಿಯ ಹೆಸರು, ಹುದ್ದೆ ಒಳಗೆ ಬರಬೇಕು. ಒಳಗಿನ ಬರಹ 100–120 ಪದ ದಾಟದಿರಲಿ.

ಇದನ್ನು ಹೇಳಲು ಸ್ವಲ್ಪ ಸಂಕೋಚ: ಗೂಗಲ್ ಖಾತೆಯ ಹೆಸರು ಹೈಸ್ಕೂಲಿನಲ್ಲಿ ಗೇಮ್ ಆಡುವಾಗ ಇಟ್ಟದ್ದೇ ಇರುತ್ತದೆ. ಮೇಲ್ ಬಂದಾಗ ಮೊದಲು ಕಾಣುವುದು ಅದೇ ಹೆಸರು. ಮೊದಲ ವಾರವೇ ಬದಲಾಯಿಸಲು ಹೇಳಿ.

ಉತ್ತರ ಬಾರದಿದ್ದರೆ ಐದು ಕೆಲಸದ ದಿನ ಬಿಟ್ಟು ಅದೇ ಮೇಲ್‌ಗೆ ರಿಪ್ಲೈ ಮಾಡಿ ಎರಡು ಸಾಲು ಬರೆಯಬೇಕು. ಹೊಸ ಮೇಲ್ ಶುರು ಮಾಡಿದರೆ ಹಳೆಯ ರೆಸ್ಯೂಮೆ ಹುಡುಕುವ ಕೆಲಸ ಓದುವವರ ತಲೆಗೆ.

ಎರಡು_ಭಾಷೆ

ಇಂಗ್ಲಿಷ್ ಬಗ್ಗೆ. ಕನ್ನಡ ಮೀಡಿಯಂ ಮಕ್ಕಳ ತೊಡಕು ವ್ಯಾಕರಣಕ್ಕಿಂತ ಹೆಚ್ಚಾಗಿ ಅಚ್ಚು ಹಾಕಿದ ನುಡಿಗಟ್ಟುಗಳದ್ದು. ‘ಮೈಸೆಲ್ಫ್ ಇಂಥವನು’ ಬೇಡ, ‘ಐ ಆ್ಯಮ್’ ಸಾಕು. ಪಾಠ ಅರ್ಥವಾಗದಿದ್ದಾಗ ‘ಐ ಹ್ಯಾವ್ ಎ ಡೌಟ್’ ಅಂತಾರೆ. ಇಲ್ಲಿ ನಡೆಯುತ್ತದೆ, ಹೊರದೇಶದವರಿಗೆ ಬರೆದರೆ ‘ನಿಮ್ಮ ಮೇಲೆ ಅನುಮಾನ’ ಅನ್ನುವ ಧ್ವನಿ ಬರುತ್ತದೆ, ‘ಕ್ವೆಶ್ಚನ್’ ಅನ್ನಬೇಕು. ‘ರಿವರ್ಟ್ ಬ್ಯಾಕ್’ ಬದಲು ‘ರಿಪ್ಲೈ’. ‘ಕೈಂಡ್ಲಿ ಡು ದ ನೀಡ್‌ಫುಲ್’ ನಮ್ಮ ‘ಸೂಕ್ತ ಕ್ರಮ’ದ ಅಣ್ಣನೇ, ಏನು ಮಾಡಬೇಕೋ ಅದನ್ನೇ ಬರೆಸಿ.

ಈಗ ಚಾಟ್‌ಜಿಪಿಟಿಯಲ್ಲಿ ಬರೆಸಿ ತರುತ್ತಾರೆ. ನಿಷೇಧ ಮಾಡಿ ಪ್ರಯೋಜನವಿಲ್ಲ. ನಾಲ್ಕು ಗೆರೆ ಕೈಯಲ್ಲಿ ತುಂಬಿ, ಕರಡನ್ನು ತಾವೇ ಬರೆದ ಮೇಲೆ ಭಾಷೆ ತಿದ್ದಲು ಬಳಸಲಿ. ಆಮೇಲೆ ಮೂರು ಹುಡುಕಬೇಕು. ‘ಇಲ್ಲಿ ನಿಮ್ಮ ಹೆಸರು’ ಎಂಬ ಚೌಕಾವರಣ ಹಾಗೇ ಉಳಿದಿದೆಯೇ? ತಾವು ಕಲಿಯದ ಟ್ಯಾಲಿ, ಎಕ್ಸೆಲ್ ಕೌಶಲ ಅದು ಸೇರಿಸಿದೆಯೇ? ತಾರೀಖು ಬದಲಾಗಿದೆಯೇ? ಎರಡನೆಯದು ಸಂದರ್ಶನದಲ್ಲಿ ಸಿಕ್ಕಿಬೀಳಿಸುತ್ತದೆ.

ಬಿಕಾಂ_ಮೇಡಂ

ಎಲ್ಲರಿಗೂ ಥ್ಯಾಂಕ್ಸ್, ಪ್ರಿಂಟ್ ತೆಗೆದಿಟ್ಟುಕೊಂಡೆ. ಎರಡು ತಾಂತ್ರಿಕ ಪ್ರಶ್ನೆ. ಒಂದು, ಲ್ಯಾಬಿನಲ್ಲಿ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಕನ್ನಡ ಪತ್ರವನ್ನು ಮೇಲ್‌ನಲ್ಲಿ ಪೇಸ್ಟ್ ಮಾಡಿದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಎರಡು, 62 ಪತ್ರ ತಿದ್ದುವುದು ಹೇಗೆ? ಒಂದಕ್ಕೆ 4 ನಿಮಿಷ ಹಿಡಿದರೂ ನಾಲ್ಕು ಗಂಟೆ ದಾಟುತ್ತದೆ.

ಟಪಾಲು_ಶಾಖೆ

ನುಡಿಯದ್ದು ಯೂನಿಕೋಡ್ (ಎಲ್ಲ ಕಡೆ ಒಂದೇ ಥರ ಓದಿಸುವ ಅಕ್ಷರ ಸಂಕೇತ) ಸಮಸ್ಯೆ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಕನ್ನಡ ಅಕ್ಷರದ ಚಿತ್ರವನ್ನು ಇಂಗ್ಲಿಷ್ ಮತ್ತಿತರ ಚಿಹ್ನೆಗಳ ಜಾಗದಲ್ಲಿ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ಕೆಳಗಿನ ಚಿಹ್ನೆಗಳೇ ಹೊರಬರುತ್ತವೆ. ಎರಡು ದಾರಿ: ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಾಯಿಸಿ ಪೇಸ್ಟ್ ಮಾಡುವುದು, ಅಥವಾ ಪಿಡಿಎಫ್ ಮಾಡಿ ಲಗತ್ತಿಸುವುದು. ಬದಲಾಯಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತು ಮಾತ್ರ ಒಮ್ಮೆ ಕಣ್ಣಲ್ಲಿ ನೋಡಬೇಕು, ಎಡವುವುದು ಅಲ್ಲೇ. ಫೋನಿನ ಕೀಲಿಮಣೆಯಲ್ಲಿ ಬರೆದದ್ದು ಯೂನಿಕೋಡೇ, ಅದಕ್ಕೆ ತೊಂದರೆಯಿಲ್ಲ.

ಹಲಗೆ_ಬಳಪ

ತಿದ್ದುವ ಕೆಲಸ ಮಕ್ಕಳಿಗೇ ಕೊಡಿ, ಆದರೆ ಕೆಂಪು ಪೆನ್ನು ಕೊಡಬೇಡಿ. ಜೋಡಿ ಮಾಡಿ ಪತ್ರ ಅದಲು ಬದಲು ಮಾಡಿಸಿ. ಓದುವವನು ಈಗ ಗುಮಾಸ್ತ. 60 ಸೆಕೆಂಡ್ ಓದಿ, ಹಾಳೆ ಮಗುಚಿಟ್ಟು, ‘ನನಗೆ ಏನು ಮಾಡಲು ಹೇಳಿದ್ದಾರೆ, ಯಾವಾಗಿನೊಳಗೆ’ ಅಂತ ಹೇಳಬೇಕು. ಹೇಳಲಾಗದಿದ್ದರೆ ಬರೆದವರು ಮತ್ತೆ ಬರೆಯಬೇಕು. ಇದಕ್ಕೆ ವ್ಯಾಕರಣ ಗೊತ್ತಿರಬೇಕಿಲ್ಲ, ಅದಕ್ಕೇ ಹಿಂದಿನ ಬೆಂಚಿನವರೂ ಚೆನ್ನಾಗಿ ಮಾಡುತ್ತಾರೆ.

ನಿಮ್ಮ ಮೇಜಿಗೆ ಬರುವುದು ಎರಡನೇ ಕರಡು ಮಾತ್ರ. 10 ಅಂಕದಲ್ಲಿ ಕೋರಿಕೆಗೆ 3, ವಿಷಯಕ್ಕೆ 2, ಬೇಕಾದ ವಿವರಕ್ಕೆ 2, ಭಾಷೆ ಮತ್ತು ಮರ್ಯಾದೆಗೆ 2, ಲಗತ್ತಿಗೆ 1. ಇಂದ-ಗೆ ಜಾಗಕ್ಕೆ ಅಂಕವೇ ಬೇಡ, ತಪ್ಪಿದ್ದರೆ ಗುರುತು ಹಾಕಿ ಸಾಕು. ಒಂದು ಪತ್ರದಲ್ಲಿ ಮೂರಕ್ಕಿಂತ ಹೆಚ್ಚು ತಪ್ಪು ತೋರಿಸಬೇಡಿ.

ಪೀರಿಯಡ್ ಲೆಕ್ಕ: ನಾಲ್ಕು ಗೆರೆ 1, ವಿಷಯ ಬರೆಯುವುದೊಂದೇ 1, ಕನ್ನಡ ಪತ್ರ 3, ಇಮೇಲ್ 3, ದೂರು ಪತ್ರ 1, ಉಳಿದ ಒಂದು ಹಿಂದೆ ಬಿದ್ದವರಿಗೆ. ವಿಷಯಕ್ಕೆ ಇಡೀ ಪೀರಿಯಡ್ ಯಾಕೆ ಅನ್ನಬೇಡಿ, ಹತ್ತು ಸನ್ನಿವೇಶ ಕೊಟ್ಟು ಹತ್ತು ವಿಷಯ ಬರೆಸಿದರೆ ಸಮಯ ಸಾಲುವುದಿಲ್ಲ.

ಕರಡು_ತಿದ್ದುವವ

ದೂರು ಪತ್ರಕ್ಕೆ ಒಂದೇ ಸೂಚನೆ: ಗುಣವಾಚಕ ತೆಗೆಸಿ. ‘ಅತ್ಯಂತ ಬೇಜವಾಬ್ದಾರಿ’, ‘ತೀರಾ ಕಳಪೆ’ ಹೋಗಲಿ. ಬಿಲ್ ಸಂಖ್ಯೆ, ಕೊಂಡ ತಾರೀಖು, ಏನು ಕೆಟ್ಟಿತು, ಹಣ ವಾಪಸ್ ಬೇಕೋ ಬದಲಿ ಬೇಕೋ, ಎಷ್ಟು ದಿನದಲ್ಲಿ ಇವು ಬರಲಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಕೇಳುವುದು ಇದೇ ವಿವರಗಳನ್ನು.

ಎರಡು_ಭಾಷೆ

ಬಿಟ್ಟುಹೋಗಿತ್ತು: ಎಂ.ಎಸ್‌ಗೆ ಅಂತ ಅಮೆರಿಕದ ಪ್ರಾಧ್ಯಾಪಕರಿಗೆ ಬರೆಯುವವರು ಇದ್ದರೆ ತಾರೀಖನ್ನು 05/06 ಅಂತ ಬರೆಯದಿರಲಿ. ನಮಗೆ ಅದು ಜೂನ್ 5, ಅವರಿಗೆ ಮೇ 6. ತಿಂಗಳ ಹೆಸರು ಅಕ್ಷರದಲ್ಲಿ. ಆನ್‌ಲೈನ್ ಭೇಟಿಗೆ ಸಮಯ ಕೇಳುವಾಗ ‘ಐಎಸ್‌ಟಿ’ ಅಂತ ಸೇರಿಸಿ, ಅವರ ಊರಿನ ಸಮಯವನ್ನೂ ಪಕ್ಕದಲ್ಲೇ ಬರೆಯಲಿ. ಅಲ್ಲಿ ಹೆಚ್ಚಿನ ಕಡೆ ಮಾರ್ಚ್‌ನಿಂದ ನವೆಂಬರ್‌ವರೆಗೆ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಅದನ್ನು ನೋಡಿಕೊಂಡೇ ಲೆಕ್ಕ ಹಾಕಬೇಕು.